ಬೋಲ್ಟಿನ ಮೇಲಿನ ಹಳದಿ ಗೆರೆ

ರೇಸ್ ಶೆಡ್ಡಿನ ಹಿಂದಿನ ಕೋಣೆ,
ಮಾರ್ಚ್ ೧೨, ಮಂಗಳವಾರ, ಊಟದ ಬಿಡುವು

ನನ್ನ ಗಿರಗಿಟ್ಲೇ,

ಕತ್ತು ನೋವು ಹೇಗಿದೆ? ಹೆಲ್ಮೆಟ್ಟಿನ ಭಾರಕ್ಕೆ ಬಲಗಡೆ ನರ ಹಿಡಿದುಕೊಂಡಿದೆ ಎಂದು ಬರೆದಿದ್ದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಡು, ತಲೆದಿಂಬು ಬಿಸಾಕು. ಹೊಟ್ಟೆ ತುಂಬ ತಿನ್ನು. ನೀನು ತೆಳ್ಳಗಾದರೆ ಗಾಡಿ ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ಅವರ ಹೊಟ್ಟೆ ತೂಗು. ನಿನ್ನಪ್ಪ ಚೆನ್ನಾಗಿದ್ದಾರೆ. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಮಂಡಿ ಈಗ ಮೆಟ್ಟಿಲು ಹತ್ತುವಾಗ ಗೇರು ಬದಲಿಸಿದ ಹಾಗೆ ಸದ್ದು ಮಾಡುತ್ತದೆ, ಅಷ್ಟೇ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಬರೆಯಲಾರೆ. ಶನಿವಾರ ನಿನ್ನ ಕಾಗದ ಬಂದಾಗಿನಿಂದ ಅದನ್ನೇ ಮಡಚಿ, ಬಿಚ್ಚಿ, ಮತ್ತೆ ಮತ್ತೆ ಓದುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಗಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದವನ್ನು ನಗಿಸಲು ನಿನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಈ ಭಾನುವಾರ ಸಂಬಳಕ್ಕೆ ಓಡಿಸುವ ನಿನ್ನ ಮೊದಲ ರೇಸು. ನೀನು ಬರೆದ ಸಾಲು ಬಾಯಿಪಾಠವಾಗಿಬಿಟ್ಟಿದೆ. ‘ಗಾಡಿ ಬೊಂಬಾಟ್ ಅಮ್ಮಾ. ಬ್ರೇಕ್ ಒತ್ತಿದ್ರೆ ಮುಂದೆ ಎಡಗಡೆ ಸ್ವಲ್ಪ ನಡುಗುತ್ತೆ, ಏನಿಲ್ಲ ಬಿಡು, ಅವತ್ತು ನಮ್ಮ ಶೆಡ್ಡಿನ ಗಾಡೀಲೂ ಹಾಗೇ ನಡುಗಿತ್ತು, ಗೆದ್ದೆನಲ್ಲ! ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ್ರು, ಒಂದೂ ದೂರು ಹೇಳದ ಡ್ರೈವರ್ ನಾನೊಬ್ಬಳೇ ಅಂತೆ.’ ಇದನ್ನು ಓದಿ ನಿನ್ನಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಎದ್ದು ಹೋಗಿ ಬಚ್ಚಲ ನಲ್ಲಿ ಬಿಟ್ಟುಕೊಂಡು ನಿಂತೆ.

ಹವ್ಯಾಸಕ್ಕೆ ಓಡಿಸುವವರಿಗೂ ಕಸುಬಾಗಿ ಓಡಿಸುವವರಿಗೂ ಏನು ವ್ಯತ್ಯಾಸ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ‘ದುಡ್ಡು ಕೊಟ್ಟು ಓಡಿಸೋನು, ದುಡ್ಡು ಇಸ್ಕೊಂಡು ಓಡಿಸೋನು’ ಎಂದು ಬಾಯಿಗೆ ಬಂದದ್ದು ಹೇಳಿ ನಾನು ಸಾಗಹಾಕಿದ್ದೆ. ಈ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಬ್ರೇಕು ಬಿಚ್ಚಿ ಕಟ್ಟಿದ ಮೇಲೆ ಬೇರೆ ಉತ್ತರ ಇದೆ. ನಮ್ಮ ಬಟ್ಟೆ ಮಿಲ್ಲಿನ ಸಾಹುಕಾರ ನೆನಪಿದ್ದಾನಲ್ಲ, ಪ್ರತಿ ಭಾನುವಾರ ಹೊಸ ಕೈಗವಸು ಹಾಕಿಕೊಂಡು ಬರುವವನು? ತಿರುವು ಬಂದಾಗ ಇಡೀ ಮೈಭಾರ ಪೆಡಲಿನ ಮೇಲೆ ಹಾಕಿ ನಿಲ್ಲುತ್ತಾನೆ, ಗಾಡಿ ಜಾರುತ್ತದೆ, ಇಳಿದು ಟೈರಿಗೆ ಬೈಯುತ್ತಾನೆ. ‘ಏನ್ ಬ್ರೇಕಮ್ಮಾ, ಗಾಡಿಗೆ ಹೆದ್ರಿಕೆ ಕಣಮ್ಮಾ, ನನಗಿಲ್ಲ!’ ಎನ್ನುತ್ತಾನೆ. ಕಂಪ್ಯೂಟರು ಪ್ರತಿ ಸುತ್ತಿಗೂ ಎಲ್ಲಿ ಎಷ್ಟು ಬ್ರೇಕು ಒತ್ತಿದರೆಂದು ಗೆರೆ ಬರೆಯುತ್ತದಲ್ಲ, ಅವನ ಹತ್ತು ಸುತ್ತಿನದು ಕೋಳಿ ಕೆದಕಿದ ತಿಪ್ಪೆ. ಕಸುಬಿನವರು ಬಂದಾಗ ನೋಡಿದ್ದೇನೆ. ಹತ್ತು ಗೆರೆಯೂ ಒಂದರ ಮೇಲೊಂದು ಕೂತು ಒಂದೇ ಗೆರೆ ಆಗಿರುತ್ತದೆ. ಅವರ ಕಣ್ಣು ಈ ತಿರುವಿನಲ್ಲಿರುವಾಗಲೇ ಮುಂದಿನ ತಿರುವಿಗೆ ಹೋಗಿರುತ್ತದೆ. ನೇರ ದಾರಿಯಲ್ಲೇ ಎಡಗಾಲಿನಿಂದ ಬ್ರೇಕನ್ನು ಒಮ್ಮೆ ತಟ್ಟಿ, ಇದೆಯಾ ಎಂದು ಕೇಳಿಕೊಳ್ಳುತ್ತಾರೆ. ಇದೆಲ್ಲ ನಿನಗೂ ಬರುತ್ತದೆ. ಬಾರದ್ದು ಒಂದೇ. ಅವರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ದೂರು ಶುರು ಮಾಡುತ್ತಾರೆ. ಮೂರನೇ ತಿರುವಲ್ಲಿ ಪೆಡಲು ಒಂದು ಬೆರಳು ಕೆಳಗೆ ಹೋಯಿತು. ಐದನೆಯದರಲ್ಲಿ ತಪ್ಪು ನನ್ನದೇ, ತಡವಾಗಿ ಒತ್ತಿದೆ. ಅವರ ಬಾಯಲ್ಲಿ ‘ಏನಿಲ್ಲ ಬಿಡಿ’ ಎಂಬ ಮಾತನ್ನು ನಾನು ಕೇಳಿಲ್ಲ.

ನಮ್ಮ ಮನೆಯಲ್ಲೇ ಒಬ್ಬರು ಕಸುಬುದಾರರಿದ್ದಾರೆ ಕಣೇ. ಒಂದು ದಿನ ಬೆಳಿಗ್ಗೆ ಸ್ಟೇರಿಂಗು ಆಡುತ್ತಿದೆ ಎಂದು ನಿನ್ನಪ್ಪ ಬಸ್ಸು ಹೊರಗೆ ತೆಗೆಯಲಿಲ್ಲ. ಡಿಪೋ ಅಧಿಕಾರಿ ಎಲ್ಲರ ಎದುರು ‘ಏನ್ರೀ, ಹೆದರ್ಕೊಂಡ್ರಾ?’ ಎಂದು ಹಲ್ಲು ಕಿಸಿದ. ‘ಹೌದು ಸಾರ್, ಹೆದ್ರಿದೀನಿ. ಹೆದ್ರೋಕೇ ಸಂಬಳ ಕೊಡ್ತಿರೋದು ನೀವು’ ಎಂದರು ಇವರು. ಎಂಟು ದಿನ ಅಮಾನತಾಗಿ ಮನೆಯಲ್ಲಿ ಕೂತು ನಿನಗೆ ಸೈಕಲ್ಲು ಕಲಿಸಿದರು. ನೀನು ಬ್ರೇಕು ಒತ್ತುವುದನ್ನು ಕಲಿತದ್ದು ಆ ಅಮಾನತ್ತಿನಲ್ಲಿ.

ಧೈರ್ಯ, ಧೈರ್ಯ ಎಂದು ಚಪ್ಪಾಳೆ ಹೊಡೆಯುವವರು ಎಲ್ಲಿ ಕೂತಿರುತ್ತಾರೆ, ನೋಡಿದ್ದೀಯಾ? ಗಾಜಿನ ಹಿಂದೆ, ತಣ್ಣನೆಯ ಗಾಳಿಯಲ್ಲಿ. ಅವರ ಚಕ್ರ ನಡುಗುವುದಿಲ್ಲ. ಅವರಿಗೆ ನಿನ್ನ ಮೌನ ಅಗ್ಗ. ಚಕ್ರ ಬಿಚ್ಚಿ ನೋಡಲು ಅರ್ಧ ದಿನ ಬೇಕು, ನಿನ್ನ ಬೆನ್ನು ತಟ್ಟಲು ಒಂದು ಕೈ ಸಾಕು. ‘ದೂರು ಹೇಳದವಳು’ ಎಂಬುದು ಹೊಗಳಿಕೆಯಲ್ಲ ಮಗಳೇ, ಮೂಗುದಾರ. ಬೆಂಕಿ ಆರಿಸುವ ಸಿಲಿಂಡರು ಇಡಿ ಎಂದು ನಾವು ಕೆಲಸ ನಿಲ್ಲಿಸಿ ಈ ಟ್ರ್ಯಾಕಿನ ಗೇಟಿಗೆ ಅಡ್ಡ ಕೂತಾಗ ನಿನಗೆ ಏಳು ವರ್ಷ. ಬೋರ್ಡು ತಲೆಕೆಳಗಾಗಿ ಹಿಡಿದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನೀನೇ. ಆ ಗಂಟಲು ಎಲ್ಲಿ ಹೋಯಿತು? ಮೊದಲ ಸಂಬಳಕ್ಕೇ ಕೂತುಹೋಯಿತಾ?

ಬೈಯುತ್ತಿದ್ದೇನೆ ಎಂದು ಮುಖ ಊದಿಸಬೇಡ. ಇದು ಭಯ. ನನಗೆ ಭಯ ಬಂದರೆ ಬಾಯಿ ಜೋರಾಗುತ್ತದೆ, ನಿನಗೆ ಗೊತ್ತು. ಮೂರು ದಿನದಿಂದ ಯಾವ ಗಾಡಿಯ ಕೆಳಗೆ ಮಲಗಿದರೂ ಎಡಗಡೆಯ ಮುಂಚಕ್ರವೇ ಕಾಣುತ್ತದೆ. ನಿನ್ನ ಗಾಡಿಯನ್ನು ಅಲ್ಲಿ ಕಟ್ಟುವವರು ಯಾರೋ, ಅವರ ಕೈ ಹೇಗೋ. ಅವರೂ ನಮ್ಮಂಥ ಕೂಲಿಯವರೇ, ಅವರ ಮೇಲೆ ಸಿಟ್ಟಿಲ್ಲ. ನಮ್ಮಲ್ಲಿ ಪದ್ಧತಿ ಇದೆ, ನಿನಗೆ ಗೊತ್ತಿದ್ದದ್ದೇ. ಬ್ರೇಕಿನ ಬೋಲ್ಟನ್ನು ಅಳತೆ ಸ್ಪ್ಯಾನರು ‘ಟಕ್’ ಎನ್ನುವವರೆಗೆ ಬಿಗಿಯಬೇಕು. ಬಿಗಿದ ಮೇಲೆ ಬೋಲ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ‘ಅಮ್ಮನ ಹಳದಿ ಗೆರೆ ಇದ್ರೆ ಸಾಕು, ನಾನು ಕಣ್ಮುಚ್ಚಿ ಕೂರ್ತೀನಿ’ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಆ ಮಾತು ಈಗ ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿದೆ.

ನಿನ್ನಪ್ಪ ಆಶೀರ್ವಾದ ತಿಳಿಸಿದ್ದಾರೆ. ‘ಹೆದರು ಅಂತ ಬರಿ’ ಎಂದು ಮೂರು ಸಲ ಹೇಳಿದರು. ಮಹಡಿಯ ಅಜ್ಜಿ ನಿನ್ನ ಫೋಟೋ ಕೇಳುತ್ತಿದ್ದಾರೆ, ಹೆಲ್ಮೆಟ್ ಇಲ್ಲದ್ದು. ಶೆಡ್ಡಿನವರೆಲ್ಲ ಕೇಳಿದರೆಂದು ತಿಳಿ. ನೂರು ವರ್ಷ ಬಾಳು, ನೂರು ಸಲ ಜಗಳವಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ನಾಲ್ಕು ತಿಂಗಳಿನಿಂದ ನುಂಗಿಕೊಂಡದ್ದು. ಟೈರಿನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ, ಹಾರನ್ ಹೊಡೆಯುತ್ತಿದ್ದಾನೆ. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ನೀನು ಗೆದ್ದ ದಿನದ ಬೋಲ್ಟು. ಎಡಗಡೆಯ ಮುಂಚಕ್ರದ ಬ್ರೇಕಿನದು. ಅವತ್ತು ಅವಸರದಲ್ಲಿ ಎಲ್ಲ ಬೋಲ್ಟಿಗೂ ಮೊದಲೇ ಗೆರೆ ಎಳೆದೆ, ಬಣ್ಣ ಒಣಗುವಷ್ಟರಲ್ಲಿ ಬಿಗಿದರಾಯಿತು ಎಂದು. ನಡುವೆ ಸಾಹುಕಾರ ತನ್ನ ಸೀಟಿನ ಬೆಲ್ಟು ಸರಿಮಾಡಲು ಕರೆದ. ವಾಪಸು ಬಂದು ನೋಡಿದೆ, ಗೆರೆ ಇತ್ತು. ನನ್ನ ಗೆರೆಯನ್ನು ನಾನೇ ನಂಬಿದೆ, ಆ ಬೋಲ್ಟಿಗೆ ಸ್ಪ್ಯಾನರು ಹಾಕಲೇ ಇಲ್ಲ. ನೀನು ಕಪ್ಪು ಎತ್ತಿ ಕುಣಿಯುತ್ತಿದ್ದಾಗ ನಾನು ಚಕ್ರ ಬಿಚ್ಚಿದೆ. ಗೆರೆ ಎರಡಾಗಿತ್ತು, ಬೋಲ್ಟು ಎರಡು ಬೆರಳಿಗೇ ತಿರುಗಿ ಬಂತು. ಜೇಬಿಗೆ ಹಾಕಿಕೊಂಡು ಬಂದು ನಿನ್ನ ಜೊತೆ ಫೋಟೋಗೆ ನಿಂತೆ. ನಡುಕ ನಿನಗೆ ಗೊತ್ತಿತ್ತು, ನೀನು ಹೇಳಲಿಲ್ಲ. ಬೋಲ್ಟು ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ. ನೀನು ಗೆದ್ದೆ ಎಂದುಕೊಂಡಿದ್ದೀಯ. ಉಳಿದೆ, ಅಷ್ಟೇ. ಈಗಷ್ಟೇ ಮೇಸ್ತ್ರಿಗೆ ಹೇಳಿ, ತಪ್ಪಿನ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದು ಬಂದೆ. ‘ಯಾರಿಗೂ ಏನೂ ಆಗ್ಲಿಲ್ವಲ್ಲಮ್ಮಾ, ಈಗ್ಯಾಕೆ?’ ಎಂದರು. ‘ಅವಳು ಮತ್ತೆ ಕೂರ್ತಿದ್ದಾಳೆ, ಅದಕ್ಕೆ’ ಎಂದೆ. ನಾಳೆಯಿಂದ ಬ್ರೇಕಿಗೆ ನನ್ನ ಕೈ ಇಲ್ಲ, ಟೈರು ತೊಳೆಯುತ್ತೇನೆ. ನೀನು ಈ ಬೋಲ್ಟನ್ನು ಆ ಮ್ಯಾನೇಜರನ ಮೇಜಿನ ಮೇಲಿಡು. ಎಡಗಡೆಯ ಮುಂಚಕ್ರ ನಿನ್ನ ಕಣ್ಣೆದುರು ಬಿಚ್ಚಿಸು. ಗೆರೆ ನೋಡಬೇಡ, ಸ್ಪ್ಯಾನರು ಹಾಕಿಸಿ ‘ಟಕ್’ ಕೇಳು. ಬಿಚ್ಚದಿದ್ದರೆ ಕೂರಬೇಡ, ಮನೆಗೆ ಬಾ, ಅಪ್ಪ ಸೈಕಲ್ಲಿಗೆ ಗಾಳಿ ತುಂಬಿಸಿಟ್ಟಿದ್ದಾರೆ. ಭಾನುವಾರಕ್ಕೆ ಮೊದಲು ಉತ್ತರ ಬೇಕು. ಅದರಲ್ಲಿ ‘ಏನಿಲ್ಲ ಬಿಡಮ್ಮಾ’ ಎಂದಿದ್ದರೆ ನಾನೇ ಹೊರಟು ಬಂದು ಆ ಚಕ್ರಕ್ಕೆ ಅಡ್ಡ ಮಲಗುತ್ತೇನೆ.