ಕಂಬದ ಮೇಲಿದ್ದವರನ್ನು ಮರೆತವನು ಅರ್ಹನೇ?

ನೌಕರರ ದೈಹಿಕ ಅರ್ಹತೆಯನ್ನು ನಿರ್ಧರಿಸುವ ವೈದ್ಯಕೀಯ ಮಂಡಳಿಯ ಮುಖ್ಯಸ್ಥರೇ,

ಕಳೆದ ತಿಂಗಳು ತಾವು ನನ್ನನ್ನು ನಾಲ್ಕು ನಿಮಿಷ ನೋಡಿ, 'ಕ್ಷೇತ್ರ ಕರ್ತವ್ಯಕ್ಕೆ ಅರ್ಹ' ಎಂದು ಬರೆದಿರಿ. ಆ ಮೂರು ಪದಗಳಿಂದಾಗಿ ಬರುವ ಒಂದನೇ ತಾರೀಕಿನಿಂದ ನಾನು ಮತ್ತೆ ಮೂಡಿಗೆರೆ ಸುತ್ತಲಿನ ವಿದ್ಯುತ್ ಮಾರ್ಗಗಳ ಉಸ್ತುವಾರಿ ವಹಿಸಬೇಕಾಗಿದೆ. ಇದರಿಂದ ಒಬ್ಬರು ಸಾಯುವ ಸಾಧ್ಯತೆಯಿದೆ. ಸಾಯುವವನು ನಾನಲ್ಲ. ಆದ್ದರಿಂದಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೇಳು ವರ್ಷ ಸೇವೆ ಸಲ್ಲಿಸಿರುವ ಕಿರಿಯ ಎಂಜಿನಿಯರ್. ತಲೆಗೆ ಮೂರು ಬಾರಿ ಪೆಟ್ಟು ಬಿದ್ದಿದೆ. ಮೊದಲನೆಯದು ಕಳಸದ ದಾರಿಯಲ್ಲಿ ಜೀಪು ಮಗುಚಿದಾಗ. ಉಳಿದೆರಡು ಐದು ವರ್ಷಗಳ ಹಿಂದೆ, ಒಂದೇ ದಿನ, ಒಂದೇ ಮರದಿಂದ. ಕಾಫಿ ತೋಟವೊಂದರಲ್ಲಿ ತಂತಿಗೆ ತಾಗುತ್ತಿದ್ದ ಸಿಲ್ವರ್ ಓಕ್ ಕೊಂಬೆಯನ್ನು ನೋಡಲು ಏಣಿ ಹತ್ತಿದವನು ಜಾರಿ ಬಿದ್ದೆ. ಅಲ್ಲಿ ಮೆಣಸು ಕೊಯ್ಯುವವರಲ್ಲಿ ಒಂದು ರೂಢಿಯಿದೆ: ಬಿದ್ದವನು ಅಂದೇ ಅದೇ ಮರವನ್ನು ಮತ್ತೊಮ್ಮೆ ಹತ್ತಿ ಇಳಿಯಬೇಕು. ತೋಟದ ಮೇಸ್ತ್ರಿ ಗುರುವಯ್ಯನವರು ಕಾಫಿ ಕುಡಿಸಿ, "ಒಂದ್ ಸಲ ಹತ್ತಿ ಇಳ್ದುಬಿಡಿ ಸಾರ್. ಇಲ್ಲಾಂದ್ರೆ ಕಾಲಲ್ಲಿ ಹೆದ್ರಿಕೆ ಕೂತ್ಕೊಳ್ತದೆ" ಎಂದರು.

"ತಲೆ ತಿರುಗ್ತಾ ಇದೆ" ಎಂದೆ.

"ಹತ್ತಿದ್ರೆ ನಿಲ್ತದೆ ಮಾರಾಯ್ರೆ. ಮೆಣಸು ಕೊಯ್ಯೋ ನಮ್ಮ ರುಕ್ಮಿಣಮ್ಮನೇ ಎರಡ್ ಸಲ ಬಿದ್ದು ಎರಡ್ ಸಲ ಹತ್ತಿದಾರೆ."

ಹತ್ತಿದೆ. ಆರನೇ ಮೆಟ್ಟಿಲಿನಿಂದ ಮತ್ತೆ ಬಿದ್ದೆ. ಟ್ರಿಪ್ ಆಗಿ ತಾನಾಗಿಯೇ ವಿದ್ಯುತ್ ಕಡಿದುಹೋದ ಮಾರ್ಗವನ್ನು ಕಾರಣ ತಿಳಿಯದೆ ಮತ್ತೆ ಚಾಲೂ ಮಾಡಕೂಡದೆಂದು ಕಿರಿಯರಿಗೆ ಪಾಠ ಹೇಳುತ್ತಿದ್ದವನು ನಾನು. ಗುರುವಯ್ಯನವರನ್ನು ದೂರುವುದಿಲ್ಲ, ಅವರು ವೈದ್ಯರಲ್ಲ. ಬಿದ್ದವನನ್ನು ಪುನಃ ಹತ್ತಿಸುವ ಅದೇ ಚಿಕಿತ್ಸೆಯನ್ನು ತಾವು ಯಾವ ಗ್ರಂಥದಿಂದ ಕಲಿತಿರಿ?

ಅಂದಿನಿಂದ ನಾನು ಒಂದೆಡೆ ಕೂರಲಾರೆ. ಟ್ಯೂಬ್‌ಲೈಟ್ ಮಿಣುಕಿದರೆ ವಾಕರಿಕೆ ಬರುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ. ಯಾಕೆ ಬಂದೆನೆಂದು ಅಲ್ಲಿ ನಿಂತು ಯೋಚಿಸುತ್ತೇನೆ. ಈ ಪತ್ರಕ್ಕೆ ಹನ್ನೊಂದು ದಿನ ಹಿಡಿಯಿತು. ಈ ತೊಂದರೆಗಳನ್ನು ತಮಗೆ ಹೇಳಲೆಂದು ಅಂದು ಚೀಟಿಯಲ್ಲಿ ಬರೆದು, ಬಾಯಿಪಾಠ ಮಾಡಿ ಬಂದಿದ್ದೆ. ತಾವು ಹೇಳಿದ್ದು: "ಸ್ಕ್ಯಾನ್ ನಾರ್ಮಲ್ ಇದೆ, ಇಷ್ಟು ಚೆನ್ನಾಗಿ ಮಾತಾಡ್ತೀರಿ. ಮರೆವು ನಂಗೂ ಇದೆ ಕಣ್ರೀ, ದಿನಾ ಕನ್ನಡಕ ಹುಡುಕ್ತೀನಿ." ತಮ್ಮ ಕನ್ನಡಕ ಸಿಗದಿದ್ದರೆ ಯಾರಿಗೂ ಹನ್ನೊಂದು ಸಾವಿರ ವೋಲ್ಟ್ ತಗಲುವುದಿಲ್ಲ, ಮಾನ್ಯರೇ.

ನನ್ನ ಮರೆವು ಎಂಥದೆಂದು ಹೇಳುತ್ತೇನೆ. ಲೈನ್ ಕ್ಲಿಯರ್ ಎಂದರೆ, ತಂತಿಯಲ್ಲಿ ವಿದ್ಯುತ್ ಇಲ್ಲ, ಕಂಬ ಹತ್ತಬಹುದು ಎಂದು ನಾವು ಬರೆದುಕೊಡುವ ಭರವಸೆ. ಕಳೆದ ಜುಲೈಯಲ್ಲಿ ಲೈನ್‌ಮನ್ ಶಾಕಿರ್ ಅವರಿಗೆ ಅದನ್ನು ಬರೆದುಕೊಟ್ಟವನು ನಾನೇ. ನಲವತ್ತು ನಿಮಿಷಗಳ ನಂತರ, ಮಾರ್ಗವೇಕೆ ಬಂದ್ ಆಗಿದೆ ಎಂದು ಗೊಣಗುತ್ತ ಸ್ವಿಚ್ಚಿಗೆ ಕೈ ಹಾಕಿದವನೂ ನಾನೇ. ಸಬ್‌ಸ್ಟೇಷನ್ ಆಪರೇಟರ್ ದಿವ್ಯಾ ನನ್ನ ಮಣಿಕಟ್ಟು ಹಿಡಿದರು.

"ಸಾರ್, ಶಾಕಿರಣ್ಣ ಇನ್ನೂ ಮೇಲಿದಾರೆ."

"ಯಾರು ಹತ್ತಿಸಿದ್ದು?"

"ನೀವೇ ಸಾರ್."

ಲೈನ್ ಕ್ಲಿಯರ್ ಪುಸ್ತಕ ತೆರೆದು ತೋರಿಸಿದರು. ಸಹಿ ನನ್ನದೇ. ಹಾಕಿದ್ದು ಮಾತ್ರ ನೆನಪಾಗಲಿಲ್ಲ, ಇಂದಿಗೂ ಆಗಿಲ್ಲ. ವಿಷಯ ತಿಳಿದ ಶಾಕಿರ್, "ಇನ್ಮೇಲೆ ನಿಮ್ ಕೈಗೊಂದು ಹಗ್ಗ ಕಟ್ಟಿ, ಇನ್ನೊಂದ್ ತುದಿ ಹಿಡ್ಕೊಂಡೇ ಹತ್ತೋದು ಬಿಡಿ ಸಾರ್" ಎಂದು ನಕ್ಕರು. ಬೀಡಿ ಹಚ್ಚಲು ಅವರಿಗೆ ಮೂರು ಕಡ್ಡಿ ಬೇಕಾಯಿತು.

ಈ ಘಟನೆಯನ್ನು ನಾನೇ ಲಿಖಿತವಾಗಿ ವರದಿ ಮಾಡಿ, ಮಾರ್ಗದ ಕೆಲಸದಿಂದ ಬಿಡಿಸಿರೆಂದು ಕೇಳಿಕೊಂಡೆ. ಮೇಲಿನವರು ಸದ್ಯಕ್ಕೆ ಕಚೇರಿ ಕೆಲಸ ಕೊಟ್ಟು, ತಮ್ಮ ಮಂಡಳಿಗೆ ಕಳುಹಿಸಿದರು. ಆ ವರದಿ ತಮ್ಮ ಮುಂದಿದ್ದ ಕಡತದ ಮೂರನೇ ಹಾಳೆ. ನಾಲ್ಕು ನಿಮಿಷದಲ್ಲಿ ತಾವು ಎಷ್ಟನೇ ಹಾಳೆಯವರೆಗೆ ತಲುಪಿದಿರಿ?

ನಾನು ಕನಿಕರ ಕೇಳುತ್ತಿಲ್ಲ, ರಜೆಯನ್ನೂ ಕೇಳುತ್ತಿಲ್ಲ. ನಕ್ಷೆ ಬಿಡಿಸಬಲ್ಲೆ, ಅಂದಾಜು ಪಟ್ಟಿ ತಯಾರಿಸಬಲ್ಲೆ, ತಪ್ಪಾದರೆ ತಿದ್ದಬಹುದು. ಒಂದನೇ ತಾರೀಕಿನ ಮೊದಲು ನನ್ನನ್ನು ಅರ್ಧ ದಿನ ಕೂರಿಸಿ, ನೆನಪನ್ನೂ ಗಮನವನ್ನೂ ಪರೀಕ್ಷಿಸಿ. ಅದಕ್ಕೆ ಬಿಡುವಿಲ್ಲವಾದರೆ ಮೂಡಿಗೆರೆಗೆ ಬನ್ನಿ. ಕಂಬ ಹತ್ತುವವರನ್ನು ಸಾಲಾಗಿ ನಿಲ್ಲಿಸಿ ತಮ್ಮ ಮೂರು ಪದಗಳನ್ನು ಓದಿ ಹೇಳಿ. ಎರಡೂ ಆಗದಿದ್ದರೆ ಅಂದು ಲೈನ್ ಕ್ಲಿಯರ್ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ. ಅದನ್ನು ಅವಿಧೇಯತೆ ಎಂದು ದಾಖಲಿಸಿಕೊಳ್ಳಿ. ಮರೆತನೆಂದು ಮಾತ್ರ ಬರೆಯಬೇಡಿ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಆರೋಗ್ಯವಾಗಿರುವ
ಪ್ರಸನ್ನಕುಮಾರ್
ಮೂಡಿಗೆರೆ