ಕೊನೆಯ ಚೆಂಡನ್ನು ತಡೆದ ಬಗೆ

ಅಮ್ಮಾ,

ಇನ್ನು ಮೇಲೆ ದಯವಿಟ್ಟು ನಮ್ಮ ಕೋಚ್‌ಗೆ ಫೋನ್ ಮಾಡಬೇಡ. "ನನ್ನ ಮಗ ಬೆಂಚು ಬಿಸಿ ಮಾಡೋಕೆ ಅಷ್ಟು ದೂರ ಬಂದಿದ್ದಾನಾ?" ಎಂದು ನೀನು ಕೇಳಿದ್ದು ಇಡೀ ಜೂನಿಯರ್ ಹಾಕಿ ತಂಡಕ್ಕೆ ಬಾಯಿಪಾಠವಾಗಿದೆ.

ನಿನ್ನೆ ಸೆಮಿಫೈನಲ್ ಸಮವಾಗಿ ಮುಗಿದು ಶೂಟೌಟ್‌ಗೆ ಹೋಯಿತು. ಅಷ್ಟರಲ್ಲಿ ನಮ್ಮ ಗೋಲ್‌ಕೀಪರ್‌ನ ಕಾಲು ಉಳುಕಿತು. ಕೋಚ್ ನನ್ನತ್ತ ತಿರುಗಿ, "ಹೋಗಪ್ಪಾ, ಇಲ್ಲಾಂದ್ರೆ ನಿಮ್ಮಮ್ಮ ವಿಮಾನ ಹತ್ತಿ ಬಂದುಬಿಡ್ತಾರೆ" ಎಂದರು.

ಕೊನೆಯ ಹೊಡೆತವನ್ನು ತಡೆದರೆ ಗೆಲುವು ನಮ್ಮದು. ಎದುರಾಳಿ ಹುಡುಗ ಎಡಕ್ಕೆ ಬಂದಂತೆ ಮಾಡಿ ಬಲಕ್ಕೆ ಹೊರಳಿದ. ನಾನು ಜಾರಿ ಬೋರಲು ಬಿದ್ದೆ. ಅವನು ಬಾರಿಸಿದ ಚೆಂಡು ಪ್ಯಾಡ್ ಇಲ್ಲದ ನನ್ನ ಹಿಂಭಾಗಕ್ಕೆ ಬಡಿದು ಹೊರಗೆ ಹೋಯಿತು! ಟಿವಿಯವರು ಅದನ್ನೇ ಮತ್ತೆ ಮತ್ತೆ ತೋರಿಸಿದರಂತೆ. ಅಪ್ಪನ ಅಂಗಡಿಗೆ ಬರುವವರು ಕೇಳಿದರೆ, ಅದೂ ಒಂದು ವಿದ್ಯೆ ಎಂದುಬಿಡು.

ಊಟದ ಹಾಲ್‌ನಲ್ಲಿ ಕೂರಲಾಗದೆ ಗೋಡೆಯ ಪಕ್ಕ ನಿಂತು ತಿನ್ನುತ್ತಿದ್ದೆ. ಅತ್ತು ಕಣ್ಣು ಕೆಂಪಾಗಿದ್ದ ಆ ಹುಡುಗ ನನ್ನನ್ನು ಕಂಡು ಕಿಸಕ್ಕೆಂದು ನಕ್ಕ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ತನ್ನ ಕುರ್ಚಿ ಬಿಟ್ಟು ತಟ್ಟೆ ಹಿಡಿದುಕೊಂಡು ಬಂದ. ಇಬ್ಬರೂ ನಿಂತೇ ಉಂಡೆವು.

ಮಂಚದ ಮೇಲೆ ಬೋರಲಾಗಿ ಮಲಗಿ ಬರೆಯುತ್ತಿರುವ
ನಿನ್ನ ಮಗ