ಅತ್ತಿಗೆಯ ಫ್ಲಾಸ್ಕಿನ ಕಷಾಯ

ತಮ್ಮಾ,

ಪ್ರಾರ್ಥನೆಗೆ ಹೊರಟಿದ್ದೇನೆ. ರೇಡಿಯೇಷನ್ನಿನಿಂದ ಹುಣ್ಣಾದ ನಿನ್ನ ಬಾಯಿಗೆಂದು, ಡಾಕ್ಟರನ್ನು ಕೇಳಿಯೇ, ಅತಿಮಧುರದ ಕಷಾಯ ಕಾಯಿಸಿ ಆರಿಸಿದ್ದೇನೆ. ಬಾಯಿ ಮುಕ್ಕಳಿಸಿ ಉಗುಳು, ನುಂಗಬೇಡ.

ಸಾಯುವ ಮುಂಚೆ ನಿನ್ನ ಅತ್ತಿಗೆಗೂ ಇದೇ ಚಿಕಿತ್ಸೆಯಾಗಿತ್ತು. ಅವಳಿಗೆ ಕಾಯಿಸಿದ ಕಷಾಯವನ್ನು ನೀನು ಸಿಂಕಿಗೆ ಸುರಿದೆ. "ಬೇರು ಬೇಯಿಸಿದ ನೀರಿಗೆ ಹುಣ್ಣು ಮಾಯುತ್ತಾ ಅಣ್ಣಾ? ಮನೆಯೆಲ್ಲ ನಾರುತ್ತೆ" ಅಂದೆ. ಆ ದಿನ ಅವಳಿಗೆ ಗುಟುಕು ನೀರೂ ಇಳಿಯಲಿಲ್ಲ. ಈಗ ಅದೇ ನೀರು ಬೇಕೆಂದು ನೀನೇ ಕೇಳಿದ್ದೀಯ.

ಅಡುಗೆಮನೆಯಲ್ಲಿ ಹುಡುಕಬೇಡ. ಫ್ಲಾಸ್ಕು ಅವಳ ಫೋಟೋದ ಮುಂದಿದೆ. "ತಪ್ಪಾಯಿತು ಅತ್ತಿಗೆ" ಎಂದು ಗಟ್ಟಿಯಾಗಿ ಹೇಳಿ ತೆಗೆದುಕೋ. ಮಾತಾಡಿದರೆ ಬಾಯಿ ಉರಿಯುತ್ತದೆ, ಬಲ್ಲೆ. ಉರಿಯಲಿ.

ದೇವರಲ್ಲಿ ನಿನ್ನ ಆಯುಸ್ಸು ಬೇಡಿಕೊಂಡು ಬರುತ್ತೇನೆ. ನಿನ್ನನ್ನು ಕ್ಷಮಿಸುವ ಮನಸ್ಸನ್ನು ಮಾತ್ರ ಬೇಡುವುದಿಲ್ಲ.

ಅಣ್ಣ